ಅಣುಸ್ಥಾವರದ ಸುರಕ್ಷತೆ, ವಿನ್ಯಾಸ ಮತ್ತು ವೆಚ್ಚ: ಕರಾವಳಿಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಐದನೆಯ ಮತ್ತು ಆರನೆಯ ಘಟಕಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಮಂಗಳೂರು, ಉಡುಪಿ ಕಡೆಯವರು ಎರಡು ಪ್ರಶ್ನೆ ಎತ್ತುತ್ತಾರೆ. ಇದು ಸುರಕ್ಷಿತವೇ ಎಂಬುದು ಒಂದು, ಇಷ್ಟು ದುಬಾರಿ ಏಕೆ ಎಂಬುದು ಇನ್ನೊಂದು. ಮೊದಲನೆಯದರ ಉತ್ತರದಲ್ಲಿಯೇ ಎರಡನೆಯದರ ಬಹುಪಾಲು ಉತ್ತರವೂ ಅಡಗಿರುವುದರಿಂದ ಇಲ್ಲಿ ಎರಡನ್ನೂ ಜೊತೆಯಾಗಿಯೇ ತೆಗೆದುಕೊಂಡಿದೆ.

ಕಲ್ಲಿದ್ದಲು ಸ್ಥಾವರಕ್ಕೆ ಇಲ್ಲದ ಯಾವ ಅಪಾಯ ಅಣುಸ್ಥಾವರಕ್ಕೆ ಇದೆ?

ನೀರು ಕಾಯಿಸಿ, ಉಗಿ ಮಾಡಿ, ಟರ್ಬೈನ್ ತಿರುಗಿಸುವುದು ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ನಿಲ್ಲಿಸಿದ ಮೇಲೆ. ನಂದಿಕೂರಿನಂಥ ಕಲ್ಲಿದ್ದಲು ಸ್ಥಾವರದಲ್ಲಿ ಬಾಯ್ಲರಿಗೆ ಇಂಧನ ಹೋಗುವುದು ನಿಂತರೆ ಬೆಂಕಿ ಆರುತ್ತದೆ. ಅಲ್ಲಿಂದ ಮುಂದೆ ಯಾರೂ ಏನೂ ಮಾಡದಿದ್ದರೂ ಬಾಯ್ಲರ್ ತಣ್ಣಗಾಗುತ್ತದೆ. ರಿಯಾಕ್ಟರಿನಲ್ಲಿ ಒಂದು ಪರಮಾಣು ಸೀಳಿ ಮುಂದಿನದನ್ನು ಸೀಳುತ್ತ ಹೋಗುವ ಸರಪಳಿ ಕ್ರಿಯೆಯನ್ನು ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸಬಹುದು, ಆದರೆ ಯುರೇನಿಯಂ ಪರಮಾಣುಗಳು ಸೀಳಿ ಉಂಟಾದ ತುಣುಕುಗಳು ತಮ್ಮ ಪಾಡಿಗೆ ತಾವು ಕ್ಷಯಿಸುತ್ತ ಶಾಖವನ್ನು ಹೊರಹಾಕುತ್ತಲೇ ಇರುತ್ತವೆ. ಕುಚ್ಚಲಕ್ಕಿ ಗಂಜಿಯ ಕೆಳಗಿನ ಸೌದೆ ಹಿಂದಕ್ಕೆ ಎಳೆದ ಮೇಲೂ ಕೆಂಡದ ಕಾವಿನಲ್ಲಿ ಗಂಜಿ ಕುದಿಯುತ್ತಿರುತ್ತದಲ್ಲ, ಹಾಗೆ. ಆದರೆ ಇಲ್ಲಿ ಕೆಂಡವನ್ನು ಹೊರಗೆ ಎಳೆಯುವಂತಿಲ್ಲ.

ಈ ಉಳಿಕೆ ಶಾಖದ ಪ್ರಮಾಣವನ್ನು ನೋಡಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. 220 ಮೆಗಾವಾಟ್ ವಿದ್ಯುತ್ ಕೊಡುವ ಕೈಗಾದ ಒಂದು ರಿಯಾಕ್ಟರಿನಲ್ಲಿ ಉತ್ಪತ್ತಿಯಾಗುವ ಶಾಖ ಸುಮಾರು 750 ಮೆಗಾವಾಟ್. ನಿಲ್ಲಿಸಿದ ಕ್ಷಣದಲ್ಲಿ ಇದರ ಶೇಕಡಾ 6ರಿಂದ 7ರಷ್ಟು, ಅಂದರೆ ಸುಮಾರು 50 ಮೆಗಾವಾಟ್ ಉಳಿದಿರುತ್ತದೆ. ಒಂದು ಗಂಟೆಯ ನಂತರ ಅದು ಶೇಕಡಾ 1.5ರ ಆಸುಪಾಸಿಗೆ ಇಳಿಯುತ್ತದೆ. ಒಂದು ದಿನದ ನಂತರ ಶೇಕಡಾ ಅರ್ಧದಷ್ಟು. ಆ ಅರ್ಧ ಶೇಕಡಾ ಕೂಡ ಗಂಟೆಗೆ ಸುಮಾರು ಆರು ಸಾವಿರ ಲೀಟರ್ ಕುದಿನೀರನ್ನು ಆವಿ ಮಾಡುವಷ್ಟಾಗುತ್ತದೆ. ಆದ್ದರಿಂದ ವಿದ್ಯುತ್ ಇರಲಿ ಬಿಡಲಿ, ಭೂಕಂಪವಾಗಲಿ ಬೆಂಕಿ ಬೀಳಲಿ, ದಿನಗಟ್ಟಲೆ ನೀರು ಹರಿಯುತ್ತಲೇ ಇರಬೇಕು. ಅಣುಸ್ಥಾವರದಲ್ಲಿ ಹೊರಗಿನವರಿಗೆ ಅತಿ ಎಂದು ಕಾಣುವ ಏರ್ಪಾಡುಗಳ ಮೂಲವನ್ನು ಹುಡುಕುತ್ತ ಹೋದರೆ ಬಹುಪಾಲು ಸಂದರ್ಭಗಳಲ್ಲಿ ನಾವು ಬಂದು ನಿಲ್ಲುವುದು ಈ ಒಂದು ಅಗತ್ಯದ ಮುಂದೆಯೇ.

ಈ ಅಗತ್ಯವು ವಿನ್ಯಾಸದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ?

ಮೊದಲನೆಯದಾಗಿ, ಒಂದರ ಹಿಂದೆ ಒಂದು ತಡೆಗಳು. ಕೈಗಾದ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ರಿಯಾಕ್ಟರಿನಲ್ಲಿ ಯುರೇನಿಯಂ ಡೈಆಕ್ಸೈಡಿನ ಗಟ್ಟಿ ಬಿಲ್ಲೆ, ಅದನ್ನು ಮುಚ್ಚಿರುವ ಜಿರ್ಕೋನಿಯಂ ಮಿಶ್ರಲೋಹದ ಕೊಳವೆ, ಭಾರಜಲ ಹರಿಯುವ ಒತ್ತಡದ ಕೊಳವೆಗಳ ಜಾಲ, ಬಿಗಿದ ಉಕ್ಕಿನ ತಂತಿಗಳಿರುವ ಕಾಂಕ್ರೀಟಿನ ಒಳಕವಚ, ಅದರ ಹೊರಗೆ ಇನ್ನೊಂದು ಕಾಂಕ್ರೀಟ್ ಕವಚ ಹೀಗೆ ಸಾಲಾಗಿ ಇವೆ. ಎರಡು ಕವಚಗಳ ನಡುವಿನ ತೆರಪಿನಲ್ಲಿ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಕಡಿಮೆ ಇಡಲಾಗುತ್ತದೆ. ಸೋರಿಕೆಯಾದರೂ ಅದು ಅಲ್ಲಿಯೇ ಸಿಕ್ಕಿಬೀಳಲಿ ಎಂಬುದು ಉದ್ದೇಶ.

ಎರಡನೆಯದಾಗಿ, ಒಂದೇ ಕೆಲಸಕ್ಕೆ ಬೇರೆ ಬೇರೆ ತತ್ತ್ವದ ಮೇಲೆ ನಡೆಯುವ ಏರ್ಪಾಡುಗಳು. ರಿಯಾಕ್ಟರನ್ನು ನಿಲ್ಲಿಸಲು, ಸರಪಳಿ ಕ್ರಿಯೆಯನ್ನು ನಡೆಸುವ ನ್ಯೂಟ್ರಾನ್ ಕಣಗಳನ್ನು ಹೀರಿಕೊಳ್ಳುವ ಕ್ಯಾಡ್ಮಿಯಂ ಸರಳುಗಳಿವೆ. ಅವನ್ನು ವಿದ್ಯುತ್ಕಾಂತದ ಹಿಡಿತದಲ್ಲಿ ಮೇಲೆ ಎತ್ತಿಟ್ಟಿರುವುದರಿಂದ ವಿದ್ಯುತ್ ಹೋದರೆ ಅವು ಬೀಳುತ್ತವೆ. ಬೀಳಿಸಲು ವಿದ್ಯುತ್ ಬೇಕಾಗುವುದಿಲ್ಲ. ಅವು ಎಲ್ಲಿಯಾದರೂ ಸಿಕ್ಕಿಕೊಂಡರೆ ಎಂದು, ಅದೇ ರೀತಿ ನ್ಯೂಟ್ರಾನ್ ಹೀರುವ ಬೋರಾನ್ ಇರುವ ದ್ರವವನ್ನು ಕೊಳವೆಗಳಿಗೆ ನುಗ್ಗಿಸುವ ಎರಡನೆಯ ವ್ಯವಸ್ಥೆ ಪ್ರತ್ಯೇಕವಾಗಿದೆ. ಸರಳುಗಳನ್ನೇ ಇಮ್ಮಡಿ ಮಾಡಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು, ಆದರೆ ಒಂದು ಸರಳು ಸಿಕ್ಕಿಕೊಳ್ಳಲು ಕಾರಣವಾದದ್ದು ಎಲ್ಲ ಸರಳುಗಳಿಗೂ ಕಾರಣವಾಗಬಹುದು.

ನಾಲ್ಕು ಪಂಪು, ನಾಲ್ಕು ಕೇಬಲ್ ಇಟ್ಟ ಮೇಲೂ ಅವನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡುವ ಖರ್ಚು ಏಕೆ?

ನೂರು ಸಲ ಚಾಲೂ ಮಾಡಿದರೆ ಒಮ್ಮೆ ಕೈಕೊಡುವ ಡೀಸೆಲ್ ಜನರೇಟರ್ ಇದೆ ಎನ್ನೋಣ. ಅಂಥ ಎರಡು ಇದ್ದರೆ ಎರಡೂ ಒಟ್ಟಿಗೆ ಕೈಕೊಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದು ಕಾಗದದ ಮೇಲೆ ಬರೆಯಬಹುದು. ಒಂದು ಕೆಡಲು ಇನ್ನೊಂದು ಕೆಟ್ಟಿದ್ದೇ ಕಾರಣವಾಗದಿದ್ದರೆ, ಹಾಗೂ ಎರಡಕ್ಕೂ ಒಂದೇ ಕಾರಣವಿಲ್ಲದಿದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಈ ಷರತ್ತು ಮುರಿದದ್ದನ್ನು ತಿಳಿಯಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಉತ್ತರ ಪ್ರದೇಶದ ನರೋರಾದ ಉದಾಹರಣೆಯೇ ಸಾಕು.

1993ರ ಮಾರ್ಚ್ 31ರ ಬೆಳಗಿನ ಜಾವ ನರೋರಾದ ಮೊದಲನೆಯ ಘಟಕದ ಟರ್ಬೈನಿನ ಎರಡು ಬ್ಲೇಡುಗಳು ಮುರಿದವು. ತೂಕ ತಪ್ಪಿದ ಯಂತ್ರ ಭೀಕರವಾಗಿ ಅದುರಿ, ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು. ಎಣ್ಣೆಗೂ ಬೆಂಕಿ ತಗುಲಿ ಅದು ಕೇಬಲ್ ಹಾದಿ ಹಿಡಿಯಿತು. ರಿಯಾಕ್ಟರನ್ನು ಸಿಬ್ಬಂದಿ ಒಂದು ನಿಮಿಷದೊಳಗೆ ನಿಲ್ಲಿಸಿದ್ದರು. ಆದರೆ ಮುಖ್ಯ ಪೂರೈಕೆಯ ಕೇಬಲ್‌ಗಳೂ ತುರ್ತು ಪೂರೈಕೆಯ ಕೇಬಲ್‌ಗಳೂ ಬೆಂಕಿತಡೆ ಇಲ್ಲದೆ ಅಕ್ಕಪಕ್ಕದಲ್ಲಿಯೇ ಹಾದುಹೋಗಿದ್ದರಿಂದ ಎಲ್ಲವೂ ಒಟ್ಟಿಗೆ ಸುಟ್ಟವು. ಡೀಸೆಲ್ ಜನರೇಟರುಗಳಿದ್ದರೂ ಅವುಗಳ ವಿದ್ಯುತ್ ಪಂಪುಗಳನ್ನು ತಲುಪುವ ದಾರಿ ಇರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಹೊಗೆ ತುಂಬಿತು. ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿದ ಸಿಬ್ಬಂದಿ ಬೋರಾನ್ ದ್ರಾವಣದ ವಾಲ್ವುಗಳನ್ನು ಕೈಯಿಂದಲೇ ತೆರೆದರು. ಬೆಂಕಿ ನಂದಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಹಾಯಿಸಿದರು. ಸ್ಥಾವರ 17 ಗಂಟೆ ವಿದ್ಯುತ್ತಿಲ್ಲದೆ ಇತ್ತು. ವಿಕಿರಣ ಹೊರಗೆ ಸೋರಲಿಲ್ಲ.

ಆ ನಂತರ ಕೇಬಲ್‌ಗಳನ್ನು ಬೇರೆ ಬೇರೆ ಹಾದಿಗಳಲ್ಲಿ ಒಯ್ಯುವುದು, ಗೋಡೆ ದಾಟುವ ಪ್ರತಿ ತೂತನ್ನೂ ಬೆಂಕಿತಡೆ ವಸ್ತುವಿನಿಂದ ಮುಚ್ಚುವುದು ಬಿಗಿಯಾಗಿ ಜಾರಿಗೆ ಬಂತು. ಇದರಿಂದ ಕಟ್ಟಡ ದೊಡ್ಡದಾಗುತ್ತದೆ, ಗೋಡೆಗಳು ಹೆಚ್ಚುತ್ತವೆ, ಕೇಬಲ್ ಸುತ್ತುಬಳಸಿ ಉದ್ದವಾಗುತ್ತದೆ. ಇದನ್ನು ದುಂದು ಎನ್ನುವವರು ಆ ರಾತ್ರಿಯ ವಿವರಗಳನ್ನು ಒಮ್ಮೆ ಓದಬೇಕು.

1994ರಲ್ಲಿ ಕೈಗಾದ ಗುಮ್ಮಟ ಕುಸಿಯಿತಲ್ಲ, ಅದರಿಂದ ಏನಾಯಿತು?

1994ರ ಮೇ 13ರಂದು, ಮೊದಲನೆಯ ಘಟಕ ಇನ್ನೂ ನಿರ್ಮಾಣದಲ್ಲಿದ್ದಾಗ, ಒಳಗುಮ್ಮಟದ ಕೆಳಪದರದ ಕಾಂಕ್ರೀಟ್ ಸುಮಾರು 130 ಟನ್‌ನಷ್ಟು ಕಳಚಿ ಬಿತ್ತು. ಇಂಧನವನ್ನೇ ತುಂಬಿರದ ಕಾರಣ ವಿಕಿರಣದ ಮಾತೇ ಇರಲಿಲ್ಲ. ಗುಮ್ಮಟದೊಳಗಿನ ಉಕ್ಕಿನ ತಂತಿಗಳನ್ನು ಬಿಗಿಯುವಾಗ ಬಾಗಿದ ಮೇಲ್ಮೈಯಲ್ಲಿ ಪದರಗಳನ್ನು ಒಂದರಿಂದೊಂದು ಬೇರ್ಪಡಿಸುವಂಥ ಎಳೆತ ಉಂಟಾಗುತ್ತದೆ. ಅದನ್ನು ತಡೆಯುವ ಏರ್ಪಾಡು ಸಾಲದಾಗಿತ್ತು. ಹೊಸ ವಿನ್ಯಾಸದಲ್ಲಿ ಹೆಚ್ಚು ಬಲದ ಕಾಂಕ್ರೀಟನ್ನೂ ದಪ್ಪದ ದಿಕ್ಕಿನಲ್ಲಿ ಕಬ್ಬಿಣವನ್ನೂ ಸೇರಿಸಲಾಯಿತು. ಎರಡನೆಯ ಘಟಕ 2000ದ ಮಾರ್ಚ್‌ನಲ್ಲಿ, ಮೊದಲನೆಯದು ಅದೇ ವರ್ಷದ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು.

ಸೇರಿಸಿದ ಕಬ್ಬಿಣದ ಬೆಲೆ ಒಟ್ಟು ವೆಚ್ಚದಲ್ಲಿ ಲೆಕ್ಕಕ್ಕೆ ಬರುವಂಥದ್ದಲ್ಲ. ದುಬಾರಿಯಾದದ್ದು ಕಳೆದುಹೋದ ವರ್ಷಗಳು. ಇದೇ ಮೊದಲನೆಯ ಘಟಕ ಮುಂದೆ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ನಮ್ಮದು ಕಡಲ ತೀರ. ಸುನಾಮಿ ಬಂದರೆ?

ಕೈಗಾ ಕಡಲ ತೀರದಲ್ಲಿಲ್ಲ. ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿ, ಘಟ್ಟದ ಮಡಿಲಲ್ಲಿದೆ. ಅಲ್ಲಿ ಲೆಕ್ಕ ಹಾಕಬೇಕಾದದ್ದು ಮಳೆಗಾಲದ ನೆರೆಯನ್ನು ಮತ್ತು ಮೇಲ್ಭಾಗದ ಸೂಪಾ, ಕೊಡಸಳ್ಳಿ ಅಣೆಕಟ್ಟುಗಳು ಒಡೆದರೆ ಬರಬಹುದಾದ ನೀರನ್ನು. ನದಿಪಾತ್ರದಲ್ಲಿರುವ ಸ್ಥಾವರಗಳಿಗೆ ಮೇಲಿನ ಅಣೆಕಟ್ಟು ಒಡೆಯುವ ಸಂದರ್ಭವನ್ನು ಪರಿಗಣಿಸಲೇಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಂಹಿತೆ ಹೇಳುತ್ತದೆ.

ಕಡಲ ತೀರದ ವಿಷಯಕ್ಕೆ ಬಂದರೆ, ಜಪಾನಿನ ಎರಡು ಸ್ಥಾವರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಫುಕುಶಿಮಾ ದಾಯ್ಚಿ ಇದ್ದ ಜಾಗದಲ್ಲಿ ಮೊದಲು ಸುಮಾರು 35 ಮೀಟರ್ ಎತ್ತರದ ದಿಬ್ಬವಿತ್ತು. ಗಟ್ಟಿ ಬಂಡೆಯ ಮೇಲೆ ಅಡಿಪಾಯ ಕೂರಬೇಕು, ಸಮುದ್ರದ ನೀರನ್ನು ಅಷ್ಟು ಎತ್ತರಕ್ಕೆ ಎತ್ತುವ ಖರ್ಚೂ ಉಳಿಯಬೇಕು ಎಂದು ಅದನ್ನು ಸುಮಾರು 10 ಮೀಟರಿಗೆ ತಗ್ಗಿಸಲಾಯಿತು. 2011ರ ಮಾರ್ಚ್ 11ರಂದು ಬಂದ ಅಲೆ 14 ಮೀಟರಿಗೂ ಮೀರಿತ್ತು. ತುರ್ತು ಡೀಸೆಲ್ ಜನರೇಟರುಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದು ಮುಳುಗಿದವು. ಆರನೆಯ ಘಟಕದ, ಗಾಳಿಯಿಂದಲೇ ತಂಪಾಗುವ ಒಂದು ಜನರೇಟರ್ ಎತ್ತರದಲ್ಲಿದ್ದ ಕಾರಣ ಉಳಿದು ಐದು ಮತ್ತು ಆರನೆಯ ಘಟಕಗಳನ್ನು ಕಾಪಾಡಿತು. ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿದ್ದ ಒನಗಾವಾ ಸ್ಥಾವರವನ್ನು 14.8 ಮೀಟರ್ ಎತ್ತರದಲ್ಲಿ ಕಟ್ಟಿದ್ದರು. ಯಾನೊಸುಕೆ ಹಿರಾಯ್ ಎಂಬ ಹಿರಿಯ ಎಂಜಿನಿಯರ್ ಆ ಎತ್ತರಕ್ಕಾಗಿ ಪಟ್ಟು ಹಿಡಿದಿದ್ದರು. ಅಲ್ಲಿ ರಿಯಾಕ್ಟರುಗಳು ಸುರಕ್ಷಿತವಾಗಿ ನಿಂತವು. ಜಾಗ ಆರಿಸುವಾಗಲೇ ಕೊಡುವ ಎತ್ತರಕ್ಕೆ ತಗಲುವ ಹಣ ಅಲ್ಪ. ಕಟ್ಟಿ ಮುಗಿಸಿದ ಮೇಲೆ ಸ್ಥಾವರವನ್ನು ಎತ್ತರಿಸಲು ಯಾವ ಹಣದಿಂದಲೂ ಆಗದು.

ನಮ್ಮಲ್ಲಿ 2004ರ ಡಿಸೆಂಬರ್ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪ್‌ಹೌಸಿಗೆ ಸಮುದ್ರದ ನೀರು ನುಗ್ಗಿದಾಗ ನಡೆಯುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು.

ಒಂದು ಪೈಪಿಗೆ ಮಾರುಕಟ್ಟೆ ಬೆಲೆಯ ಹಲವು ಪಟ್ಟು ಕೊಡುತ್ತಾರಂತೆ, ಅದು ನಿಜವೇ?

ನಿಜ, ಮತ್ತು ಅದರಲ್ಲಿ ಉಕ್ಕಿನ ಪಾಲು ಕಡಿಮೆ. ಬೈಕಂಪಾಡಿಯ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿಯೋ ರಿಫೈನರಿಯ ಶಟ್‌ಡೌನ್ ಕೆಲಸದಲ್ಲಿಯೋ ದುಡಿದ ವೆಲ್ಡರುಗಳಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತದೆ. ರಿಯಾಕ್ಟರಿನ ಮುಖ್ಯ ಕೊಳವೆಯ ಒಂದು ಜೋಡಣೆಯನ್ನು ತೆಗೆದುಕೊಳ್ಳಿ. ಪೈಪಿನ ಉಕ್ಕು ಯಾವ ಕುಲುಮೆಯ ಯಾವ ಎರಕದಿಂದ ಬಂತೆಂಬ ಹೀಟ್ ನಂಬರ್ ಪೈಪಿನ ಮೇಲೆಯೇ ಕೊರೆದಿರಬೇಕು. ಎಲೆಕ್ಟ್ರೋಡನ್ನು ಓವನ್‌ನಿಂದ ಎಷ್ಟು ಹೊತ್ತಿಗೆ ಹೊರತೆಗೆದರು ಎಂಬುದು ದಾಖಲೆಯಲ್ಲಿರಬೇಕು, ಏಕೆಂದರೆ ಅದು ಹೀರಿದ ತೇವ ಬೆಸುಗೆಯಲ್ಲಿ ಹೈಡ್ರೋಜನ್ ಆಗಿ ಉಳಿದು ಮುಂದೆ ಬಿರುಕಿಗೆ ಕಾರಣವಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಂತೂ ಇದು ಬರೀ ಕಾಗದದ ಮಾತಲ್ಲ. ಬೆಸೆದವನ ಗುರುತಿನ ಸಂಖ್ಯೆ, ಬೆಸುಗೆಯ ಒಳಗನ್ನು ತೋರಿಸುವ ರೇಡಿಯೋಗ್ರಫಿ ಫಿಲ್ಮ್, ಅದನ್ನು ಓದಿದವರ ಸಹಿ, ನೀರಿನ ಒತ್ತಡದ ಪರೀಕ್ಷೆಯ ವರದಿ ಇವೆಲ್ಲ ಸ್ಥಾವರ ಇರುವಷ್ಟು ಕಾಲವೂ ಕೈಗೆ ಸಿಗುವಂತಿರಬೇಕು. ಫಿಲ್ಮಿನಲ್ಲಿ ಒಂದು ಚುಕ್ಕೆ ಅನುಮಾನ ಹುಟ್ಟಿಸಿದರೆ ಬೆಸುಗೆಯನ್ನು ಅರೆದು ತೆಗೆದು ಮತ್ತೆ ಮೊದಲಿನಿಂದ ಆರಂಭ.

ಇದನ್ನು ಸಡಿಲ ಬಿಟ್ಟರೆ ಏನಾಗುತ್ತದೆಂಬುದನ್ನು ಫ್ರಾನ್ಸಿನ ಫ್ಲಾಮನ್‌ವಿಲ್ ಅಣುಸ್ಥಾವರದ ಮೂರನೆಯ ಘಟಕ ತೋರಿಸಿತು. ಕವಚದ ಗೋಡೆಗಳನ್ನು ಹಾದುಹೋಗುವ ಉಗಿ ಕೊಳವೆಗಳ ಎಂಟು ಬೆಸುಗೆಗಳು ನಿಗದಿಯಾದ ಗುಣಮಟ್ಟಕ್ಕೆ ಬಂದಿಲ್ಲವೆಂದು 2019ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಅವನ್ನು ಮತ್ತೆ ಮಾಡಿಸಿತು. ಕೈ ತೂರಿಸಲೂ ಆಗದ ಆ ಜಾಗಕ್ಕೆ ರೋಬಾಟ್‌ಗಳನ್ನು ಕಳುಹಿಸಬೇಕಾಯಿತು. 2007ರಲ್ಲಿ ಕಟ್ಟಲಾರಂಭಿಸಿದ ಆ ಘಟಕ ವಿದ್ಯುತ್ ಜಾಲಕ್ಕೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ.

ಒಟ್ಟು ವೆಚ್ಚದಲ್ಲಿ ಸುರಕ್ಷತೆಯ ಪಾಲು ಎಷ್ಟು?

ಇಷ್ಟು ಶೇಕಡಾ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ, ಏಕೆಂದರೆ ಸುರಕ್ಷತೆಯು ಪ್ರತ್ಯೇಕವಾಗಿ ಅಂಟಿಸಿದ ಭಾಗವಲ್ಲ. ಗೋಡೆಯ ದಪ್ಪದಿಂದ ಹಿಡಿದು ದಾಖಲೆಯ ಕಪಾಟಿನವರೆಗೆ ಎಲ್ಲದರಲ್ಲೂ ಬೆರೆತಿರುತ್ತದೆ. ಆದರೆ ಹಣ ಎಲ್ಲಿ ಹೆಚ್ಚು ಸೋರುತ್ತದೆ ಎಂಬುದನ್ನು ಹೇಳಬಹುದು. ಅಣುವಿದ್ಯುತ್ತಿನಲ್ಲಿ ಇಂಧನದ ಖರ್ಚು ಚಿಕ್ಕದು, ಬಂಡವಾಳದ್ದೇ ದೊಡ್ಡದು. ಹಾಗಾಗಿ ಬಡ್ಡಿ ನಿರ್ಣಾಯಕವಾಗುತ್ತದೆ. ಕೇವಲ ಲೆಕ್ಕಕ್ಕಾಗಿ, 10,000 ಕೋಟಿ ರೂಪಾಯಿಯನ್ನು ಶೇಕಡಾ 9ರ ಬಡ್ಡಿಗೆ ತಂದು ಸಮನಾಗಿ ಖರ್ಚು ಮಾಡುತ್ತ ಐದು ವರ್ಷಗಳಲ್ಲಿ ಸ್ಥಾವರ ಮುಗಿಸಿದರೆ ಬಡ್ಡಿಯೇ ಸುಮಾರು 2,500 ಕೋಟಿ ಆಗುತ್ತದೆ. ಅದೇ ಕೆಲಸ ಹತ್ತು ವರ್ಷ ಹಿಡಿದರೆ, ಒಂದು ಮೂಟೆ ಸಿಮೆಂಟೂ ಹೆಚ್ಚು ಖರ್ಚಾಗದೆ, ಬಡ್ಡಿ ಸುಮಾರು 5,900 ಕೋಟಿ ಮುಟ್ಟುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ನಿಯಮ ಎಷ್ಟು ಕಟ್ಟುನಿಟ್ಟು ಎಂಬುದಕ್ಕಿಂತ, ಆ ನಿಯಮ ಯಾವಾಗ ಬಂತು ಎಂಬುದು. ನಕ್ಷೆಯ ಹಂತದಲ್ಲಿ ಬಂದ ಬೇಡಿಕೆಗೆ ಗೆರೆ ತಿದ್ದಿದರೆ ಸಾಕು. ಕಾಂಕ್ರೀಟ್ ಹಾಕಿದ ಮೇಲೆ ಬಂದರೆ ಒಡೆಯಬೇಕು, ಮತ್ತೆ ಲೆಕ್ಕ ಹಾಕಬೇಕು, ಮತ್ತೆ ಒಪ್ಪಿಗೆ ಪಡೆಯಬೇಕು. ಈ ನಡುವೆ ಸಾವಿರಾರು ಕೆಲಸಗಾರರಿಗೆ ಸಂಬಳವೂ ಸಾಲಕ್ಕೆ ಬಡ್ಡಿಯೂ ನಡೆಯುತ್ತಿರುತ್ತವೆ. 1979ರ ಮಾರ್ಚ್ 28ರ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ನಂತರ ಅಮೆರಿಕದಲ್ಲಿ ಅರ್ಧ ಕಟ್ಟಿದ್ದ ಸ್ಥಾವರಗಳ ಗತಿ ಹೀಗೆಯೇ ಆಯಿತು. ಫಿನ್ಲೆಂಡಿನ ಒಲ್ಕಿಲುವೊಟೊ ಮೂರನೆಯ ಘಟಕವನ್ನು ವಿನ್ಯಾಸದ ವಿವರಗಳು ಪೂರ್ಣಗೊಳ್ಳುವ ಮೊದಲೇ 2005ರಲ್ಲಿ ಆರಂಭಿಸಿದರು. 2009ಕ್ಕೆ ಮುಗಿಯಬೇಕಾದದ್ದು ನಿಯಮಿತ ಉತ್ಪಾದನೆಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ, 300 ಕೋಟಿ ಯೂರೋ ಅಂದಾಜು ಸುಮಾರು 1,100 ಕೋಟಿಗೆ ಏರಿತು. ನಮ್ಮ ಕೊಂಕಣ ಕರಾವಳಿಯ ಜೈತಾಪುರಕ್ಕೆ ಯೋಜಿಸಿರುವುದೂ ಇದೇ ಮಾದರಿಯ ರಿಯಾಕ್ಟರುಗಳನ್ನು.

ಪಂಪು, ವಿದ್ಯುತ್ ಬೇಕಿಲ್ಲದ ಹೊಸ ವಿನ್ಯಾಸಗಳು ಅಗ್ಗವಾಗಬೇಕಲ್ಲವೇ?

ತರ್ಕ ಸರಿಯಾಗಿದೆ. ಅಮೆರಿಕದ ಎಪಿ-1000 ರಿಯಾಕ್ಟರಿನ ಕವಚದ ಮೇಲೆ ದೊಡ್ಡ ನೀರಿನ ತೊಟ್ಟಿ ಇದೆ. ಅಪಘಾತವಾದರೆ ಆ ನೀರು ತಾನಾಗಿ ಇಳಿದು ಮೂರು ದಿನ ಶಾಖ ತೆಗೆಯುತ್ತದೆ. ಕೂಡಂಕುಳಂನಲ್ಲಿ ವಿದ್ಯುತ್ತಿಲ್ಲದೆ ಗಾಳಿಯಿಂದಲೇ ಶಾಖ ಹೊರಹಾಕುವ ವ್ಯವಸ್ಥೆಯೂ, ಇಂಧನ ಕರಗಿದರೆ ಹಿಡಿದಿಡುವ ಪಾತ್ರೆಯೂ ಇವೆ. ನಮ್ಮ 700 ಮೆಗಾವಾಟ್ ವಿನ್ಯಾಸದಲ್ಲಿಯೂ ಉಳಿಕೆ ಶಾಖವನ್ನು ತಾನಾಗಿ ತೆಗೆಯುವ ಏರ್ಪಾಡು ಮತ್ತು ಒಳಕವಚಕ್ಕೆ ಉಕ್ಕಿನ ಒಳಪದರ ಸೇರಿವೆ.

ಆದರೂ ಎಪಿ-1000 ಅಗ್ಗವಾಗಲಿಲ್ಲ. ದೊಡ್ಡ ವಿಮಾನ ಬಂದು ಬಡಿದರೂ ತಾಳಬೇಕೆಂಬ ನಿಯಮ ಅಮೆರಿಕದಲ್ಲಿ 2009ರಲ್ಲಿ ಬಂದಾಗ ಅದರ ಹೊರಕವಚದ ವಿನ್ಯಾಸವನ್ನು ಮತ್ತೆ ತಿದ್ದಬೇಕಾಯಿತು. ಅಮೆರಿಕದ ಜಾರ್ಜಿಯಾ ರಾಜ್ಯದ ವೋಗ್ಟಲ್‌ನಲ್ಲಿ ಈ ಮಾದರಿಯ ಎರಡು ಘಟಕಗಳು 2023 ಮತ್ತು 2024ರಲ್ಲಿ ಮುಗಿದಾಗ ಒಟ್ಟು ವೆಚ್ಚ 3,000 ಕೋಟಿ ಡಾಲರ್ ದಾಟಿತ್ತು, ಮೊದಲ ಅಂದಾಜಿನ ಇಮ್ಮಡಿಗೂ ಹೆಚ್ಚು. ಪಂಪು ಉಳಿತಾಯವಾದದ್ದು ನಿಜ; ವರ್ಷಗಳು ಉಳಿಯಲಿಲ್ಲ.

ಚಿಕ್ಕ ರಿಯಾಕ್ಟರುಗಳು ಇದಕ್ಕೆ ಪರಿಹಾರವೇ?

ಚಿಕ್ಕದರಲ್ಲಿ ಉಳಿಕೆ ಶಾಖ ಕಡಿಮೆ, ತಂಪಾಗಿಸುವುದು ಸುಲಭ. ಆದರೆ ನಿಯಂತ್ರಣ ಕೊಠಡಿ, ಕಾವಲು, ತರಬೇತಿ, ಪರವಾನಗಿಯ ಖರ್ಚು ಗಾತ್ರದ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕಾರ್ಖಾನೆಯಲ್ಲಿ ಒಂದೇ ಮಾದರಿಯನ್ನು ಹಲವು ಬಾರಿ ಮಾಡಿದರೆ ಮಾತ್ರ ಲೆಕ್ಕ ಕೂಡಿಬರುತ್ತದೆ. 2025-26ರ ಕೇಂದ್ರ ಬಜೆಟ್ ಇದಕ್ಕೆಂದು 20,000 ಕೋಟಿ ರೂಪಾಯಿ ಘೋಷಿಸಿದೆ. 2033ರೊಳಗೆ ಕನಿಷ್ಠ ಐದು ದೇಶೀ ರಿಯಾಕ್ಟರುಗಳು ಎಂಬುದು ಗುರಿ. ಸದ್ಯಕ್ಕೆ ಇದು ಗುರಿಯೇ.

ಜನರ ವಿರೋಧದಿಂದಾಗಿ ವೆಚ್ಚ ಏರುತ್ತದೆ ಎನ್ನುತ್ತಾರೆ.

ಕೂಡಂಕುಳಂ ಉದಾಹರಣೆಯನ್ನು ಕೊಡುವವರು ಹೆಚ್ಚು. ಅಲ್ಲಿ ಮೊದಲ ಎರಡು ಘಟಕಗಳ ಅಂದಾಜು 13,171 ಕೋಟಿಯಿಂದ 17,270 ಕೋಟಿಗೆ, ಆಮೇಲೆ ಇನ್ನೂ ಮೇಲಕ್ಕೆ ಏರಿತು. 2011-12ರ ಚಳವಳಿಯ ತಿಂಗಳುಗಳು ಅದರಲ್ಲಿ ಸೇರಿವೆ. ಆದರೆ 2002ರಲ್ಲಿ ಆರಂಭವಾದ ಕಾಮಗಾರಿ ಅದಕ್ಕೆ ಮೊದಲೇ ತಡವಾಗಿತ್ತು. ಕೈಗಾದ ವಿರುದ್ಧ ನಮ್ಮ ಕೋಟದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ನಿಂತು ಸೋತರು. ಅವರ ನಿಲುವನ್ನು ಒಪ್ಪದವರೂ ಒಂದು ಮಾತು ಒಪ್ಪಬೇಕು: ಜಾಗ, ನೆರೆ, ಕಾಡು ಇವುಗಳ ಪ್ರಶ್ನೆಗಳನ್ನು ಅಡಿಪಾಯಕ್ಕೆ ಮೊದಲೇ ಕೇಳಿ ಉತ್ತರಿಸಿದರೆ ಎಲ್ಲರಿಗೂ ಅಗ್ಗ.

ಉಡುಪಿ, ಮಂಗಳೂರಿನ ಜನ ಕೈಗಾಕ್ಕೆ ಹೆದರಬೇಕೇ?

ಉಡುಪಿಯಿಂದ ಕೈಗಾ ನೇರ ಗೆರೆಯಲ್ಲಿ ಸುಮಾರು 170 ಕಿಲೋಮೀಟರ್. ತುರ್ತು ಯೋಜನೆಯ ವಲಯ 16 ಕಿಲೋಮೀಟರ್. ಸ್ಥಾವರದಿಂದ ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣಕ್ಕೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ ಇದೆ. ಉಳ್ಳಾಲದ ಕಡಲ ತೀರದಲ್ಲಿ ಥೋರಿಯಂ ಇರುವ ಮೋನಜೈಟ್ ಮರಳಿನಿಂದಾಗಿ ಕೆಲವು ಕಡೆ ಸಹಜ ವಿಕಿರಣವೇ ಹೆಚ್ಚಿದ್ದು, ಮಂಗಳೂರು ವಿಶ್ವವಿದ್ಯಾನಿಲಯದವರು ಅದನ್ನು ಅಳೆದು ಅಧ್ಯಯನ ಮಾಡಿದ್ದಾರೆ. ನಮ್ಮ ಭಾಗದವರಿಗೆ ಭಯಕ್ಕಿಂತ ವೆಚ್ಚದ ಪ್ರಶ್ನೆಯೇ ಹತ್ತಿರದ್ದು, ಏಕೆಂದರೆ ಅದು ಕೊನೆಗೆ ವಿದ್ಯುತ್ ಬಿಲ್ಲಿನಲ್ಲಿ ಬರುತ್ತದೆ.

ಹಾಗಾದರೆ ಕೈಗಾದ ಹೊಸ ಘಟಕಗಳು ಅಂದಾಜಿನೊಳಗೆ ಮುಗಿಯುತ್ತವೆಯೇ?

2017ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟವು 700 ಮೆಗಾವಾಟ್‌ನ ಹತ್ತು ಘಟಕಗಳಿಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತು. ಕೈಗಾದ ಎರಡು ಅದರಲ್ಲಿ ಸೇರಿವೆ. ಅಂದಾಜು 1,05,000 ಕೋಟಿ ರೂಪಾಯಿ, ಅಂದರೆ ಮೆಗಾವಾಟಿಗೆ 15 ಕೋಟಿ. ಒಪ್ಪಿಗೆಗೂ ಕಾಮಗಾರಿಗೂ ನಡುವೆ ಕಳೆದ ವರ್ಷಗಳನ್ನು ನೋಡಿದರೆ ಆ ಅಂಕಿ ಹಾಗೆಯೇ ನಿಲ್ಲುವುದು ಕಷ್ಟ.

ಆದರೆ ಒಂದೇ ನಕ್ಷೆಯನ್ನು ಮತ್ತೆ ಮತ್ತೆ ಕಟ್ಟುವುದರ ಲಾಭಕ್ಕೆ ಸಾಕ್ಷಿ ಗುಜರಾತಿನ ಕಾಕ್ರಾಪಾರ್‌ನಲ್ಲಿದೆ. ಈ ಮಾದರಿಯ ಮೊದಲನೆಯದಾದ ಅಲ್ಲಿನ ಮೂರನೆಯ ಘಟಕದಲ್ಲಿ ಸರಪಳಿ ಕ್ರಿಯೆ ಆರಂಭವಾದದ್ದು 2020ರ ಜುಲೈನಲ್ಲಿ. ದೋಷಗಳನ್ನು ಸರಿಪಡಿಸಿ ವಾಣಿಜ್ಯ ಉತ್ಪಾದನೆಗೆ ಬಂದದ್ದು 2023ರ ಜೂನ್ 30ರಂದು, ಹತ್ತಿರ ಹತ್ತಿರ ಮೂರು ವರ್ಷದ ನಂತರ. ಪಕ್ಕದ ನಾಲ್ಕನೆಯ ಘಟಕ 2023ರ ಡಿಸೆಂಬರ್ 17ರಂದು ಆ ಹಂತ ತಲುಪಿ 2024ರ ಮಾರ್ಚ್ 31ಕ್ಕೇ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಸುರಕ್ಷತೆಯ ನಿಯಮ ಎರಡಕ್ಕೂ ಒಂದೇ ಆಗಿತ್ತು. ಕೈಗಾದ ವಿಷಯದಲ್ಲಿ ಕೇಳಬೇಕಾದದ್ದು, ಕಾಕ್ರಾಪಾರ್‌ನ ನಕ್ಷೆಯಿಂದ ಎಷ್ಟು ಬದಲಾವಣೆ ಆಗಿದೆ, ಮತ್ತು ಆ ಬದಲಾವಣೆಗಳಿಗೆ ನಿಯಂತ್ರಣ ಮಂಡಳಿಯ ಒಪ್ಪಿಗೆ ಕಾಂಕ್ರೀಟಿಗೆ ಮೊದಲೇ ಸಿಕ್ಕಿದೆಯೇ ಎಂಬುದನ್ನು.